ಮೊದಲ ಆಲ್ಬಮ್: ಡ್ರಮ್ಸ್ ಮುಗಿಯಿತು, ಗಾಯನ ನಡೆದಿದೆ

ನಮ್ಮ ಕನ್ನಡ ರಾಕ್ ಬ್ಯಾಂಡಿನ ಮೊದಲ ಆಲ್ಬಮ್ಮಿನ ಎಂಟೂ ಹಾಡುಗಳಿಗೆ ಡ್ರಮ್ಸ್ ಮತ್ತು ಬೇಸ್ ಗಿಟಾರಿನ ಧ್ವನಿಮುದ್ರಣ ಈ ವಾರಕ್ಕೆ ಪೂರ್ತಿಯಾಗಿದೆ. ಗಿಟಾರುಗಳ ಕೆಲಸ ಬಹುಪಾಲು ಆಗಿದೆ, ಗಾಯನ ಅರ್ಧದಷ್ಟು ಬಾಕಿ ಇದೆ. ಮುದ್ರಿಸಿದ ದನಿಗಳನ್ನೆಲ್ಲ ಹದವಾಗಿ ಬೆರೆಸುವ ಮಿಕ್ಸಿಂಗ್ ಇನ್ನೂ ಆರಂಭವಾಗಿಲ್ಲ. ಆದರೆ ಅದು ಯಾವ ದಿಕ್ಕಿನಲ್ಲಿ ಸಾಗಬೇಕು ಎಂಬುದು ಡ್ರಮ್ಸ್ ಮುದ್ರಿಸುವಾಗಲೇ ತೀರ್ಮಾನವಾಯಿತು. ಹಾಡಿನ ಮಾತು ಕೇಳುಗರಿಗೆ ಅಕ್ಷರ ಅಕ್ಷರವಾಗಿ ತಲುಪಬೇಕು, ಹಾಗೆಂದು ಗಿಟಾರಿನ ಕಸುವು ಕಡಿಮೆಯಾಗಬಾರದು.

ರಾಕ್ ಸಂಗೀತದ ವಾದ್ಯಸಂಯೋಜನೆ ಇಂಗ್ಲಿಷ್ ಹಾಡುಗಳ ಜೊತೆಯಲ್ಲಿ ಬೆಳೆದು ಬಂದದ್ದು. ಅಲ್ಲಿ ಪ್ರಾಸ ಸಾಲಿನ ಕೊನೆಗೆ ಬರುತ್ತದೆ. ಹಾಗಾಗಿ ಹೊಸ ಸಾಲು ಆರಂಭವಾಗುವ ಮೊದಲ ಪೆಟ್ಟಿಗೆ ಡ್ರಮ್ಮರ್ ಕ್ರ್ಯಾಶ್ ಸಿಂಬಲ್ ಎಂಬ ಲೋಹದ ತಟ್ಟೆಯನ್ನು ಜೋರಾಗಿ ಹೊಡೆದರೂ ಪದ್ಯಕ್ಕೆ ಹೆಚ್ಚಿನ ನಷ್ಟವಿಲ್ಲ. ಕನ್ನಡದ ಹಳೆಯ ಛಂದಸ್ಸಿನಲ್ಲಿ ಪ್ರಾಸವಿರುವುದು ಸಾಲಿನ ಎರಡನೆಯ ಅಕ್ಷರದಲ್ಲಿ. ಭಾವಗೀತೆ ಮತ್ತು ಸಿನಿಮಾ ಹಾಡುಗಳಲ್ಲಿ ಅಂತ್ಯಪ್ರಾಸವೇ ಇಂದು ಹೆಚ್ಚು ಬಳಕೆಯಲ್ಲಿದೆಯಾದರೂ, ನಮ್ಮ ಹಾಡುಗಳನ್ನು ಬರೆಯುವ ಬೇಸ್ ವಾದಕ ಗದಗಿನವನು, ಹಳೆಯ ಕಾವ್ಯಗಳನ್ನು ರಾಗವಾಗಿ ಓದುವ ಗಮಕ ಕೇಳುತ್ತ ಬೆಳೆದವನು. ಅವನ ಸಾಲುಗಳಲ್ಲಿ ಎರಡನೆಯ ಅಕ್ಷರದ ಈ ಆದಿಪ್ರಾಸ ತಾನಾಗಿ ಬಂದು ಕೂರುತ್ತದೆ. ಅಂಥ ಸಾಲಿನ ಮೊದಲ ಪೆಟ್ಟಿಗೆ ಸಿಂಬಲ್ ಬಿದ್ದರೆ ಅದರ ಝೇಂಕಾರದ ಅಡಿಯಲ್ಲಿ ಪ್ರಾಸವೇ ಹೂತುಹೋಗುತ್ತದೆ. ಆದ್ದರಿಂದ ಮಾತು ಆರಂಭವಾಗುವ ಜಾಗದಲ್ಲಿ ಕ್ರ್ಯಾಶ್ ಬಳಸುವುದಿಲ್ಲ, ಅದನ್ನು ಸಾಲು ಮುಗಿದ ಮೇಲೆ ಉಳಿಯುವ ಬಿಡುವಿಗೆ ಇಟ್ಟುಕೊಳ್ಳುತ್ತೇವೆ ಎಂಬ ನಿಯಮವನ್ನು ಇಡೀ ಆಲ್ಬಮ್ಮಿಗೆ ಹಾಕಿಕೊಂಡಿದ್ದೇವೆ.

ಈ ನಿಯಮ ಹುಟ್ಟಿದ್ದು ನಾಲ್ಕನೆಯ ಹಾಡಿನಿಂದ. ಅದನ್ನು ಭಾಮಿನೀ ಷಟ್ಪದಿಯಲ್ಲಿ ಬರೆಯಲಾಗಿದೆ. ಗದಗಿನ ವೀರನಾರಾಯಣನ ಸನ್ನಿಧಿಯಲ್ಲಿ ಕುಮಾರವ್ಯಾಸ ತನ್ನ ಭಾರತವನ್ನು ಹಾಡಿದ ಛಂದಸ್ಸು ಇದೇ ಆಗಿರುವುದರಿಂದ, ಈ ಭಾಗದವರು ಮೊದಲ ಆಲ್ಬಮ್ ಮಾಡುವಾಗ ಅದನ್ನು ಒಮ್ಮೆಯಾದರೂ ಮುಟ್ಟಲೇಬೇಕು ಎಂಬುದು ನನ್ನ ಗಟ್ಟಿ ಅಭಿಪ್ರಾಯ. ಭಾಮಿನಿಯ ನಡೆ ಮೂರು ಮತ್ತು ನಾಲ್ಕು ಮಾತ್ರೆಗಳದ್ದು. ಒಂದು, ಎರಡು, ನಾಲ್ಕು ಮತ್ತು ಐದನೆಯ ಸಾಲುಗಳಲ್ಲಿ ತಲಾ 14 ಮಾತ್ರೆಗಳಿದ್ದರೆ, ಮೂರನೆಯ ಮತ್ತು ಆರನೆಯ ಸಾಲುಗಳಲ್ಲಿ ಕೊನೆಯ ಗುರುವೂ ಸೇರಿ 23 ಮಾತ್ರೆಗಳಿರುತ್ತವೆ. ಒಂದು ಪದ್ಯಕ್ಕೆ ಒಟ್ಟು 102 ಮಾತ್ರೆ. ರಾಕ್ ಸಂಗೀತಗಾರರು ಸೆವೆನ್-ಏಯ್ಟ್ ಎನ್ನುವ, ಏಳು ಎಣಿಕೆಗೆ ಒಂದು ಆವರ್ತ ಮುಗಿಯುವ ಬಾರ್‌ಗೆ ಇದನ್ನು ಕೂರಿಸಿದಾಗ ಮೊದಲೆರಡು ಸಾಲುಗಳು ಎರಡೆರಡು ಬಾರ್‌ಗಳಲ್ಲಿ ಸರಿಯಾಗಿ ಮುಗಿಯುತ್ತವೆ. ಮೂರನೆಯ ಸಾಲು ಮಾತ್ರ ಮೂರು ಬಾರ್ ತುಂಬಿ, ನಾಲ್ಕನೆಯದರ ಮೊದಲ ಎರಡು ಮಾತ್ರೆಗಳಲ್ಲಿ ನಿಲ್ಲುತ್ತದೆ. ಅಲ್ಲಿ ಉಳಿಯುವ ಐದು ಮಾತ್ರೆಗಳೇ ಗಿಟಾರಿನ ಪಾಲು. ಹೀಗೆ ಅರ್ಧ ಪದ್ಯ ಎಂಟು ಬಾರ್‌ಗಳಿಗೆ ಒಂದಿಷ್ಟೂ ಹೆಚ್ಚುಕಡಿಮೆಯಿಲ್ಲದೆ ಕೂರುತ್ತದೆ. ಮಾತ್ರೆಗೆ ಕಾಲು ಸೆಕೆಂಡಿನ ವೇಗದಲ್ಲಿ ಅದು 14 ಸೆಕೆಂಡುಗಳಾಗುತ್ತದೆ. ಈ ಲೆಕ್ಕವನ್ನು ಕಾಗದದ ಮೇಲೆ ಕಂಡಾಗ ಆದ ಸಂತೋಷ ದೊಡ್ಡದು. ನಡುವೆ ವಾದ್ಯಕ್ಕೆ ಎಲ್ಲಿ ಜಾಗ ಬಿಡಬೇಕು ಎಂಬುದನ್ನು ಛಂದಸ್ಸೇ ಹೇಳಿಕೊಟ್ಟಂತಾಯಿತು.

ಉಳಿದ ತೊಡಕೆಂದರೆ ಮೊದಲ ಪೆಟ್ಟಿಗೇ ಬೀಳುವ ಕಿಕ್, ಅಂದರೆ ಕಾಲಿನಿಂದ ಬಾರಿಸುವ ದೊಡ್ಡ ಡ್ರಮ್. ಅದನ್ನು ಬಿಡಿಸಿದವರು ನಮ್ಮ ಗಾಯಕಿ. ಧಾರವಾಡದಲ್ಲಿ ಖಯಾಲ್ ಕಲಿತಿರುವ ಅವರಿಗೆ ಏಳು ಮಾತ್ರೆ ಎಂದರೆ ಮೊದಲು ನೆನಪಾಗುವುದು ಮೂರು, ಎರಡು, ಎರಡು ಎಂದು ವಿಭಾಗವಾಗುವ ರೂಪಕ ತಾಳ. ಹಿಂದೂಸ್ತಾನಿ ಪದ್ಧತಿಯ ರೂಪಕದಲ್ಲಿ ಮೊದಲ ಮಾತ್ರೆ ಖಾಲಿ. ತಬಲಾದ ಎಡಗೈ ಡಗ್ಗದ ತುಂಬು ನಾದ ಬರುವುದು ನಾಲ್ಕು ಮತ್ತು ಆರನೆಯ ಮಾತ್ರೆಗಳಿಗೆ. ಅದೇ ರೀತಿಯಲ್ಲಿ ಕಿಕ್ ಡ್ರಮ್ಮನ್ನು ನಾಲ್ಕು ಮತ್ತು ಆರಕ್ಕೆ ಸರಿಸಿ, ಮೊದಲ ಮೂರು ಮಾತ್ರೆಗಳನ್ನು ಹೈ-ಹ್ಯಾಟ್ ಎಂಬ ಜೋಡಿ ತಟ್ಟೆಗಳಿಗಷ್ಟೇ ಬಿಡುವಂತೆ ಅವರು ಸೂಚಿಸಿದರು. “ಮೊದಲನೇ ಪೆಟ್ಟು ಬಿಟ್ಟು ಬಾರ್ಸು ಅಂದ್ರ ಕೈನ ಕೇಳವಲ್ದು” ಎಂದು ನಮ್ಮ ಡ್ರಮ್ಮರ್ ಕೆಲವು ದಿನ ಒದ್ದಾಡಿದ. ಮೊದಲ ಪೆಟ್ಟಿಗೆ ಕಿಕ್ ಹೊಡೆಯುವ ವರ್ಷಗಳ ರೂಢಿ ಸುಲಭಕ್ಕೆ ಬಿಡುವಂಥದ್ದಲ್ಲ. ಆದರೆ ಕೈ ಕಾಲು ಒಗ್ಗಿದ ಮೇಲೆ ಪ್ರಾಸಾಕ್ಷರ ಯಾವ ಅಡ್ಡಿಯೂ ಇಲ್ಲದೆ ಮುಂದೆ ಬಂದು ನಿಂತಿತು, ನಾಲ್ಕನೆಯ ಮಾತ್ರೆಗೆ ಕಿಕ್ ಬಿದ್ದಾಗ ಹಾಡಿಗೆ ಹಿಂದೆಂದೂ ಇಲ್ಲದ ತೂಕವೂ ಬಂದಿತು.

ಡ್ರಮ್ಸ್ ಮುದ್ರಿಸಿಕೊಂಡದ್ದು ಹುಬ್ಬಳ್ಳಿಯ ಅಮರಗೋಳದ ಕಡೆ ಪರಿಚಿತರೊಬ್ಬರ ಗೋದಾಮಿನಲ್ಲಿ. ಹತ್ತಿಯ ಹಂಗಾಮು ಮುಗಿದಿದ್ದರಿಂದ ಒಂದು ಗೋಡೆಗೆ ಮಾತ್ರ ಅಂಡಿಗೆಗಳು ಉಳಿದಿದ್ದವು. ಡ್ರಮ್ಸ್‌ಗಳನ್ನು ಅವುಗಳಿಗೆ ಬೆನ್ನು ಮಾಡಿ ಇಟ್ಟಾಗ, ಹಿಂದಿನಿಂದ ಮರಳಿ ಬರಬೇಕಿದ್ದ ಚುರುಕು ಪ್ರತಿಧ್ವನಿಯನ್ನು ಹತ್ತಿ ಹೀರಿಕೊಂಡಿತು, ಎದುರಿನ ಖಾಲಿ ಜಾಗ ಮಾತ್ರ ಗುಂಯ್‌ಗುಟ್ಟಿತು. ಮೇಲೆ ತೂಗಿಬಿಟ್ಟ ಎರಡು ಮೈಕ್‌ಗಳು ಸ್ನೇರ್ ಡ್ರಮ್ಮಿನ ನಡುವಿನಿಂದ ಒಂದೇ ದೂರದಲ್ಲಿರುವಂತೆ ದಾರ ಹಿಡಿದು ಅಳೆದೆವು. ದೂರದಲ್ಲಿ ವ್ಯತ್ಯಾಸವಾದರೆ ಒಂದೇ ಪೆಟ್ಟು ಎರಡು ಮೈಕ್‌ಗಳಿಗೆ ಬೇರೆ ಬೇರೆ ಗಳಿಗೆಯಲ್ಲಿ ತಲುಪುತ್ತದೆ, ಎರಡನ್ನೂ ಕೂಡಿಸಿದಾಗ ಸ್ನೇರಿನ ದನಿ ತೆಳ್ಳಗಾಗುತ್ತದೆ. ಇನ್ನೊಂದು ಮೈಕನ್ನು ಐದು ಮೀಟರ್ ದೂರದಲ್ಲಿ ನಿಲ್ಲಿಸಿದ್ದೆವು. ಶಬ್ದ ಅಲ್ಲಿಗೆ ತಲುಪಲು ಸುಮಾರು 15 ಮಿಲಿಸೆಕೆಂಡು ಹಿಡಿಯುತ್ತದೆ, ಗೋದಾಮಿನ ಅಗಲವೆಲ್ಲ ಕಿವಿಗೆ ಬರುವುದು ಆ ತಡದಿಂದಲೇ. ತಗಡಿನ ಸೂರಿನ ಮೇಲೆ ಮಳೆ ಬಿದ್ದಾಗಲೆಲ್ಲ ಕೆಲಸ ನಿಲ್ಲಿಸಬೇಕಾಯಿತು. ಮಳೆಯ ಸದ್ದು ಎಲ್ಲ ಸ್ತರಗಳಲ್ಲೂ ಹರಡಿಕೊಂಡಿರುವುದರಿಂದ ಅದನ್ನು ಆಮೇಲೆ ಸೋಸಿ ತೆಗೆಯಲು ಆಗುವುದಿಲ್ಲ.

ಗಾಯನದ ಕೆಲಸ ಧಾರವಾಡದ ಒಂದು ಹಳೆಯ ಮನೆಯ ಒಳಕೋಣೆಯಲ್ಲಿ ನಡೆದಿದೆ. ದಪ್ಪ ಮಣ್ಣಿನ ಗೋಡೆಗಳಿಂದಾಗಿ ಹೊರಗಿನ ಸದ್ದು ಅಲ್ಲಿ ತೀರ ಕಡಿಮೆ. ಇಲ್ಲಿಯ ಕಷ್ಟ ಒತ್ತಕ್ಷರಗಳದ್ದು. ‘ಕತ್ತಲು’ ಎಂದು ಹಾಡುವಾಗ ‘ತ್ತ’ಕ್ಕೆ ಮುನ್ನ ನಾಲಗೆ ಹಲ್ಲಿಗೆ ಒತ್ತಿ ನಿಲ್ಲುವ ಒಂದು ಕ್ಷಣದ ನಿಶ್ಶಬ್ದವಿದೆ, ಹಿಂದಿನ ‘ಕ’ ಗುರುವಾಗುವುದು ಆ ತಡೆಯಿಂದಲೇ. ದನಿಗೆ ಸೇರಿಸುವ ಪ್ರತಿಧ್ವನಿ, ಅಂದರೆ ರಿವರ್ಬ್, ಉದ್ದವಾದರೆ ಅಥವಾ ಗಿಟಾರ್ ಆ ಸಂದಿಯೊಳಗೆ ನುಗ್ಗಿದರೆ ನಿಶ್ಶಬ್ದ ತುಂಬಿಹೋಗಿ, ಗುರು ಲಘುವಿನಂತೆ ಕೇಳುತ್ತದೆ, ನಡೆಯೂ ಮುರಿಯುತ್ತದೆ. ಸ್ವರವನ್ನು ಹಿಗ್ಗಿಸಿ ಆಲಾಪಿಸುವುದರಲ್ಲಿ ಪಳಗಿರುವ ನಮ್ಮ ಗಾಯಕಿ ಈ ಹಾಡುಗಳಿಗಾಗಿ ವ್ಯಂಜನಗಳನ್ನು ಕಡೆದಿಟ್ಟಂತೆ ಉಚ್ಚರಿಸುವ ಅಭ್ಯಾಸ ಮಾಡಿದ್ದಾರೆ. ‘ಭ’, ‘ಪ’ಗಳ ಉಸಿರು ನೇರವಾಗಿ ಬಡಿಯದಿರಲೆಂದು ಮೈಕನ್ನು ಬಾಯಿಂದ ಒಂದು ಗೇಣು ದೂರದಲ್ಲಿ, ತುಸು ಓರೆಯಾಗಿ ಇಟ್ಟಿದ್ದೇವೆ.

ಗಿಟಾರುಗಳ ಬಗ್ಗೆ ಹೆಚ್ಚು ಹೇಳಬೇಕಾದದ್ದಿಲ್ಲ. ಮರಳಿ ಮರಳಿ ಬರುವ ಗಿಟಾರಿನ ತುಣುಕಾದ ಪ್ರತಿ ರಿಫ್ಫನ್ನು ಎರಡು ಸಲ ಬೇರೆ ಬೇರೆಯಾಗಿ ನುಡಿಸಿ ಎಡಕ್ಕೊಂದು ಬಲಕ್ಕೊಂದು ಇಟ್ಟು, ನಡುವಿನ ಜಾಗವನ್ನು ದನಿಗೆ ಮೀಸಲಾಗಿಸಿದ್ದೇವೆ. ಮಾತಿನ ಸ್ಪಷ್ಟತೆ ಬಹುಮಟ್ಟಿಗೆ ಎರಡರಿಂದ ನಾಲ್ಕು ಕಿಲೋಹರ್ಟ್ಸ್ ನಡುವೆ ಇರುವುದರಿಂದ, ಮಿಕ್ಸಿಂಗ್‌ನಲ್ಲಿ ಡಿಸ್ಟಾರ್ಷನ್ ಗಿಟಾರನ್ನು ಆ ಭಾಗದಲ್ಲಷ್ಟೇ ತಗ್ಗಿಸಲಿದ್ದೇವೆ.

ದನಿಯ ಹೊರತಾದ ಕೆಲಸಗಳೂ ಕೆಲವಿವೆ. 2012ರ ತಿದ್ದುಪಡಿಯ ನಂತರ ನಮ್ಮ ಕೃತಿಸ್ವಾಮ್ಯ ಕಾಯ್ದೆಯಲ್ಲಿ ಗೀತರಚನೆಕಾರ ಮತ್ತು ಸಂಯೋಜಕರ ರಾಯಧನದ ಹಕ್ಕಿಗೆ ವಿಶೇಷ ರಕ್ಷಣೆ ಇದೆ. ಸಾಹಿತ್ಯ, ಸಂಯೋಜನೆ ಮತ್ತು ಧ್ವನಿಮುದ್ರಣ ಈ ಮೂರರ ಪಾಲನ್ನು ನಾವು ನಾಲ್ವರೂ ಈಗಲೇ ಬರೆದು ಸಹಿ ಮಾಡಿಕೊಂಡಿದ್ದೇವೆ. ಸ್ನೇಹ ಎಷ್ಟೇ ಗಟ್ಟಿಯಾಗಿದ್ದರೂ ಆಲ್ಬಮ್ ಹೊರಬರುವ ಮುನ್ನವೇ ಇದನ್ನು ಮುಗಿಸಿಕೊಳ್ಳುವುದು ಒಳ್ಳೆಯದು. ಹಾಡುಗಳ ಪೂರ್ತಿ ಪಠ್ಯವಿರುವ ಪುಟ್ಟ ಪುಸ್ತಿಕೆಯೊಂದನ್ನು ಗದಗಿನಲ್ಲೇ ಅಚ್ಚು ಹಾಕಿಸುವ ಯೋಚನೆ ಇದೆ. ಮುದ್ರಣ ಕಾಶಿ ಎನಿಸಿಕೊಂಡ ಊರನ್ನು ಪಕ್ಕದಲ್ಲಿಟ್ಟುಕೊಂಡು ಬೇರೆಡೆ ಹೋಗಲು ಮನಸ್ಸಿಲ್ಲ.

ಮುಂದಿನ ವಾರ ಐದು ಮತ್ತು ಏಳನೆಯ ಹಾಡುಗಳ ಗಾಯನವಿದೆ. ಅದಾದ ಬಳಿಕ ನಾಲ್ಕನೆಯ ಹಾಡಿನ ಕಚ್ಚಾ ಮಿಕ್ಸ್ ತಯಾರಿಸಿ, ಸಾಹಿತ್ಯವನ್ನು ಓದಿರದ ಕೆಲವರಿಗೆ ಕೇಳಿಸಿ, ಕೇಳಿದ ಮಾತುಗಳನ್ನು ಬರೆದುಕೊಡಲು ಕೋರುತ್ತೇವೆ. ಅವರು ತಪ್ಪಾಗಿ ಬರೆದ ಸಾಲುಗಳಿಂದಲೇ ಮಿಕ್ಸಿಂಗ್ ಆರಂಭವಾಗುತ್ತದೆ.