ಅಲೈನ್‌ಮೆಂಟ್ ಮಾಡಿದ್ರೆ ಗಾಡಿ ಮಟ್ಟ ಆಗುತ್ತಾ?

ಇಲ್ಲ. ಆಗಲ್ಲ.

ಇಷ್ಟು ಹೇಳಿದರೆ ಯಾರಿಗೂ ಸಮಾಧಾನ ಇಲ್ಲ. ಬೆಳಗಾವಿಯ ಉದ್ಯಮಬಾಗದಲ್ಲಿ ಕಾರಿನ ವೀಲ್ ಅಲೈನ್‌ಮೆಂಟ್ ಮಷೀನ್ ಇಟ್ಟುಕೊಂಡು ಕೂತವನು ನಾನು. ಗಿಡ್ಡ ಸ್ಪ್ರಿಂಗ್ ಹಾಕಿಸಿ ಗಾಡಿ ಇಳಿಸಿಕೊಂಡ ಹುಡುಗರು ಬರ್ತಾನೇ ಇರುತ್ತಾರೆ. "ಅಣ್ಣಾ, ಎಡಕ್ಕ ಸ್ವಲ್ಪ ಕುಂತೈತಿ. ಅಲೈನ್‌ಮೆಂಟ್‌ನ್ಯಾಗ ಎಬ್ಬಿಸಿಬಿಡ್ರಿ." ಎಬ್ಬಿಸೋಕೆ ಅದೇನು ನಿದ್ದೆ ಮಾಡ್ತಿದೆಯಾ?

ಚಕ್ರ ಯಾವ ಕಡೆ ಮುಖ ಮಾಡಿದೆ, ಎಷ್ಟು ಓರೆಯಾಗಿ ನಿಂತಿದೆ, ಅಷ್ಟೇ ನನ್ನ ಮಷೀನ್ ನೋಡುವುದು. ಎತ್ತರ ಸ್ಪ್ರಿಂಗಿನ ಕೆಲಸ. ಸಣ್ಣ ಕಾರುಗಳಲ್ಲಿ ನಾನು ತಿರುಗಿಸಬಹುದಾದದ್ದು ಹೆಚ್ಚಾಗಿ ಮುಂದಿನ ಟೋ ಒಂದೇ, ಅಂದರೆ ಮುಂದಿನ ಚಕ್ರಗಳ ಮುಖ ಎಷ್ಟು ಒಳಕ್ಕೆ ಅಥವಾ ಹೊರಕ್ಕೆ ತಿರುಗಿದೆ ಅನ್ನೋದು. ಗಾಡಿ ಇಳಿದಾಗ ಚಕ್ರವನ್ನು ಕೆಳಗಿನಿಂದ ಹಿಡಿದಿರುವ ಲೋವರ್ ಆರ್ಮ್, ಸ್ಟೀರಿಂಗ್ ಕಡೆಯಿಂದ ಚಕ್ರವನ್ನು ತಿರುಗಿಸುವ ಟೈ ರಾಡ್, ಎರಡರ ಓರೆಯೂ ಬದಲಾಗುತ್ತದೆ. ಟೋ ಕೆಡುತ್ತದೆ, ಟೈರಿನ ಒಳ ಅಂಚು ಸವೆಯುತ್ತದೆ. ಅದಕ್ಕೆ ಅಲೈನ್‌ಮೆಂಟ್ ಬೇಕೇ ಬೇಕು, ಆದರೆ ಗಾಡಿ ಮಟ್ಟ ಆದಮೇಲೆ. ಮೊದಲೇ ಮಾಡಿಸಿದರೆ ಇನ್ನೊಮ್ಮೆ ಮಾಡಿಸಬೇಕು. ನನಗೇನು ಲಾಸ್ ಇಲ್ಲ ಬಿಡಿ.

ಕಳೆದ ದಸರೆ ಹೊತ್ತಿಗೆ ಖಾನಾಪುರ ಕಡೆಯ ಹುಡುಗನೊಬ್ಬ ಹಳೇ ಸ್ವಿಫ್ಟ್ ತಂದ. ಜೊತೆಗೆ ಅವನ ಕಾಕಾ. ಮುಂದೆ ಎಡಗಡೆ ತಗ್ಗು. ಆ ಕಡೆಯ ಸ್ಪ್ರಿಂಗ್ ಆಗಲೇ ಎರಡು ಸಲ ಬದಲಿಸಿದ್ದರು. ನಾಲ್ಕೂ ಟೈರಿಗೆ ಸರಿಯಾಗಿ ಗಾಳಿ ಹಾಕಿ, ಚಕ್ರದ ನಡುವಿನಿಂದ ಮಡ್‌ಗಾರ್ಡ್ ಅಂಚಿನವರೆಗೆ ಟೇಪ್ ಹಿಡಿದೆ. ಮುಂದೆ ಎಡಗಡೆ 8 ಮಿ.ಮೀ. ಕಡಿಮೆ. ಹಿಂದೆ ಬಲಗಡೆ 8 ಮಿ.ಮೀ. ಜಾಸ್ತಿ.

ಹೊರಸಿನ ಒಂದು ಕಾಲಿನ ಕೆಳಗೆ ಇಟ್ಟಂಗಿ ಇಟ್ಟು ನೋಡಿ. ಭಾರ ಆ ಕಾಲಿನ ಮೇಲೆ, ಅದರ ಎದುರು ಮೂಲೆಯ ಕಾಲಿನ ಮೇಲೆ ಬೀಳುತ್ತದೆ. ಗಾಡಿಯೂ ಅಷ್ಟೇ: ಹಿಂದಿನ ಬಲ ಎದ್ದರೆ ಮುಂದಿನ ಎಡ ಕುಸಿಯುತ್ತದೆ. ಹಿಂದಿನ ಬಲ ಸ್ಪ್ರಿಂಗ್ ತೆಗೆದೆ. ಅದರ ತುದಿ ಕೂರಬೇಕಾದ ಜಾಗದಲ್ಲಿ ಕೂತಿರಲಿಲ್ಲ. ಕೆಳಗಿನ ರಬ್ಬರ್ ರೊಟ್ಟಿ ಮಡಚಿದ ಹಾಗೆ ಎರಡು ಪದರ ಆಗಿತ್ತು. ಬಿಡಿಸಿ ಕೂರಿಸಿದೆ. ಮುಂದಿನ ವ್ಯತ್ಯಾಸ 2 ಮಿ.ಮೀ.ಗೆ ಇಳಿಯಿತು.

"ಇನ್ನೂ ಎರಡು ಉಳೀತಲ್ಲರೀ," ಅಂದರು ಕಾಕಾ. ಶೋರೂಮಿನಿಂದ ಬಂದ ಹೊಸ ಗಾಡಿಯಲ್ಲೂ ಅಷ್ಟು ಇರುತ್ತೆ ಅಂದೆ. ನಂಬಲಿಲ್ಲ.

ನಿಜ ಹೇಳಬೇಕೆಂದರೆ ನಾನು ಕಾಯುವ ಪ್ರಶ್ನೆ ಬೇರೆ: "ಬುಷ್ ಬೋಲ್ಟ್ ಯಾವಾಗ ಬಿಗಿ ಮಾಡಬೇಕು?" ಯಾರೂ ಕೇಳಲ್ಲ. ಬುಷ್ ಅಂದರೆ ಲೋವರ್ ಆರ್ಮ್ ಗಾಡಿಗೆ ಸೇರುವ ಕೀಲು; ಆ ಬುಷ್‌ನಲ್ಲಿ ರಬ್ಬರ್ ಎರಡು ಕೊಳವೆಗಳ ನಡುವೆ ಅಂಟಿರುತ್ತದೆ. ಗಾಡಿ ಜಾಕ್ ಮೇಲೆ, ಚಕ್ರ ಜೋತುಬಿದ್ದಿರುವಾಗ ಬಿಗಿ ಮಾಡಿದರೆ, ಇಳಿಸಿದಾಗ ಆ ರಬ್ಬರ್ ತಿರುಚಿಕೊಂಡೇ ಇರುತ್ತದೆ. ಅದೇ ಇನ್ನೊಂದು ಸ್ಪ್ರಿಂಗ್ ಥರ ಗಾಡಿಯನ್ನು ಮೇಲಕ್ಕೆ ಒತ್ತುತ್ತದೆ. ಆಮೇಲೆ ಬೇಗ ಹರಿಯುತ್ತದೆ. ಗಾಡಿಯ ಭಾರ ಚಕ್ರದ ಮೇಲೆ ಬಿದ್ದಮೇಲೆ ಕೊನೆಯ ಬಿಗಿ. ನನಗೆ ಹೇಗೆ ಗೊತ್ತು ಅಂದರೆ, ನನ್ನ ಸ್ವಂತ ಗಾಡಿಗೆ ಜಾಕ್ ಮೇಲಿರುವಾಗಲೇ ಬಿಗಿದು ಒಂದು ಮಳೆಗಾಲ ಪೂರ್ತಿ ಕಿರ್ ಕಿರ್ ಕೇಳಿದ್ದೇನೆ. ಆಗ ಹೇಳುವವರು ಯಾರೂ ಇರಲಿಲ್ಲ, ಆಯ್ತಾ?

ಇನ್ನೊಂದು. ಹಳೇ ಸ್ಪ್ರಿಂಗ್ ಬಿಚ್ಚುವ ಮೊದಲು ನಾಲ್ಕೂ ಕಡೆ ಅಳೆದು ಚೀಟಿಯಲ್ಲಿ ಬರೆದುಕೊಂಡು ಬಂದವನನ್ನು ನಾನು ಇದುವರೆಗೆ ಕಂಡಿಲ್ಲ. ಅಂಥವನು ಬಂದರೆ ಚಹಾ ನನ್ನದು.