ಎಣ್ಸಿ ಯಾರಿಗ್ ಹೇಳ್ತ್ರಿ?

ಗಂಗೊಳ್ಳಿ ಅಳಿವೆ ದಾಟಿ ಹತ್ತು ಮಾರು ಆಳದ ನೀರು ಮುಟ್ಟುವಷ್ಟರಲ್ಲಿ, ಕಡಲಲ್ಲಿ ಮೀನಿನ ಮರಿ ಎಣಿಸುವ ನಮ್ಮ ಪ್ರಾಜೆಕ್ಟಿನ ಹುಡುಗನ ಮುಖ ಬಿಳುಚಿಕೊಂಡಿತ್ತು. ಮಳೆ ಬಿಟ್ಟರೂ ತೆರೆಯ ಅಬ್ಬರ ಪೂರ್ತಿ ಇಳಿದಿರಲಿಲ್ಲ. ಹಿಂದಿನ ಸಂಜೆ ದಡದಲ್ಲಿ ನಿಂತು ರೀಲ್ಸ್ ಮಾಡುತ್ತಾ 'ಕಡಲೇ ನನ್ನ ಆಫೀಸು' ಅಂದಿದ್ದ. ಆಫೀಸು ಒಗ್ಗಲಿಲ್ಲ ಪಾಪ. ಒಳ್ಳೆ ಹುಡುಗನೇ, ಕೈಯಲ್ಲಿ ಫೋನು ಸ್ವಲ್ಪ ಜಾಸ್ತಿ, ಅಷ್ಟೇ.

ಬೋಟು ನಡೆಸುವ ತಾಂಡೇಲರಿಗೆ ಐವತ್ತು ದಾಟಿದೆ. ಮಾತು ಕಡಿಮೆ. ಆಡಿದರೆ ನೇರ. ನಮ್ಮ ಬೊಂಗೊ ಬಲೆ ಬಿಚ್ಚಿದಾಗ ಸುಮ್ಮನೆ ನೋಡುತ್ತಾ ನಿಂತಿದ್ದರು. ಅಕ್ಕಪಕ್ಕ ಎರಡು ಉಂಗುರ, ಎರಡಕ್ಕೂ ಉದ್ದನೆಯ ಚೀಲ. "ಎಂತ ಮಾರಾಯ್ರೆ, ಪೈಜಾಮ ಎಳ್ಕಂಡ್ ಹೋಪುದಾ?" ಅಂದರು. ಆಮೇಲೆ ಬಲೆಯನ್ನು ಬೆರಳಲ್ಲಿ ಹಿಡಿದು ಕಣ್ಣು ಎಷ್ಟು ಸಣ್ಣದು ಅಂತ ಬೆಳಕಿಗೆ ಹಿಡಿದು ನೋಡಿದರು. ಅರ್ಧ ಮಿಲಿಮೀಟರ್. ಅವರ ಜೀವಮಾನದಲ್ಲಿ ಇಷ್ಟು ಸಣ್ಣ ಕಣ್ಣಿನ ಬಲೆ ಕಂಡಿರಲಿಕ್ಕಿಲ್ಲ.

ಬೆಳಕು ಹರಿಯುವ ಮೊದಲೇ ಹೊರಟಿದ್ದಕ್ಕೆ ಕಾರಣ ಇದೆ. ಹಗಲಿನಲ್ಲಿ ಮೀನಿನ ಮರಿಗಳು ಬಲೆ ಕಂಡು ತಪ್ಪಿಸಿಕೊಳ್ಳುತ್ತವೆ. ಕತ್ತಲಲ್ಲಿ ಸಿಗುವುದು ಜಾಸ್ತಿ. ಬೋಟನ್ನು ನಿಧಾನ ಓಡಿಸಿ, ಹಗ್ಗ ಬಿಟ್ಟು, ಬಲೆಯನ್ನು ತಳದ ಹತ್ತಿರದಿಂದ ಓರೆಯಾಗಿ ಮೇಲಕ್ಕೆ ಎಳೆಯಬೇಕು. ಉಂಗುರದ ಬಾಯಲ್ಲಿ ಒಂದು ಪುಟ್ಟ ಫ್ಯಾನಿನಂಥ ಮೀಟರ್ ಇರುತ್ತದೆ. ಅದು ಎಷ್ಟು ಸುತ್ತು ತಿರುಗಿತು ಅನ್ನುವುದರ ಮೇಲೆ ಎಷ್ಟು ನೀರು ಸೋಸಿದೆವು ಅಂತ ಲೆಕ್ಕ ಹಾಕುತ್ತೇವೆ. ಅದಿಲ್ಲದಿದ್ದರೆ ಎಣಿಸಿದ್ದೆಲ್ಲ ವ್ಯರ್ಥ.

ಬಲೆ ಮೇಲೆ ಬಂತು. ಹೊರಗಿನಿಂದ ಕಡಲ ನೀರು ಹೊಯ್ದು ತೊಳೆದು, ತುದಿಯ ಡಬ್ಬಿಯಲ್ಲಿ ಸೇರಿದ್ದನ್ನು ಬಿಳಿ ಟ್ರೇಗೆ ಸುರಿದೆ. ನೋಡಿದರೆ ಮಾಸಲು ಗಂಜಿ. ತಾಂಡೇಲರಿಗೆ ಲೆನ್ಸ್ ಕೊಟ್ಟೆ. ಸೀಗಡಿಯ ದೂರದ ನೆಂಟರಾದ, ಚಕ್ಕನೆ ಜಿಗಿಯುವ ಪುಟ್ಟ ಕೊಪಿಪಾಡ್‌ಗಳು, ಸೂಜಿಯ ಹಾಗೆ ನೆಟ್ಟಗಿರುವ ಬಾಣಹುಳಗಳು, ದುಂಡನೆಯ ಮೀನಿನ ಮೊಟ್ಟೆಗಳು. ಅದರ ನಡುವೆ ಮೀನಿನ ಮರಿಗಳು. ಮೈ ಕಾಣುವುದೇ ಇಲ್ಲ, ಗಾಜು. ಎರಡು ಕಪ್ಪು ಚುಕ್ಕೆ ಮಾತ್ರ ಟ್ರೇಯಲ್ಲಿ ಓಡಾಡುತ್ತವೆ. ಅವು ಕಣ್ಣುಗಳು. ತಾಂಡೇಲರು ತುಂಬ ಹೊತ್ತು ಬಗ್ಗಿ ನೋಡಿದರು. ಅಷ್ಟರಲ್ಲಿ ನಾನು, ಹಿಡಿದದ್ದು ಕೆಡದಂತೆ ಹಾಕಿಡುವ ಫಾರ್ಮಲಿನ್ ಬಾಟ್ಲಿ ತೆಗೆದೆ.

"ಇವೆಲ್ಲ ಸತ್ ಹೋಪ್ದಾ ಈಗ?"

"ಹೌದಣ್ಣ. ಎಣಿಸಬೇಕಲ್ಲ."

"ಎಣ್ಸಿ ಯಾರಿಗ್ ಹೇಳ್ತ್ರಿ?"

"ರಿಪೋರ್ಟ್ ಬರೀತೀವಿ."

"ಅದ್ ಗೊತ್ತಿತ್ತ್. ಯಾರಿಗ್ ಹೇಳ್ತ್ರಿ?"

ಅವರ ದನಿಯಲ್ಲಿ ಸಿಟ್ಟಿರಲಿಲ್ಲ. ಸುಮ್ನೆ ಕೇಳಿದರು. ಕೇಳಿ ಚುಕ್ಕಾಣಿಗೆ ಹೋದರು. ನಾನು ಮಾತ್ರ ಈ ವಾರ ಪೂರ್ತಿ ಅದೇ ಮಾತಿಗೆ ಉತ್ತರ ಹುಡುಕುತ್ತಿದ್ದೇನೆ.

ಮೊದಲ ಪ್ರಶ್ನೆಗೆ ಉತ್ತರ ಇದೆ. ಬೈಗೆ ಅಂದರೆ ಬೂತಾಯಿ ಮೀನು. ಒಂದು ತಾಯಿ ಬೈಗೆ ಹತ್ತಾರು ಸಾವಿರ ಮೊಟ್ಟೆ ಇಡುತ್ತದೆ. ಮೊಟ್ಟೆಯೊಳಗಿನ ಬುತ್ತಿ ಮುಗಿದ ಮೇಲೆ ಮರಿ ತನ್ನ ಊಟ ತಾನೇ ಹುಡುಕಬೇಕು. ಆ ಹೊತ್ತಿಗೆ ನೀರಿನಲ್ಲಿ ಸರಿಯಾದ ಪ್ಲಾಂಕ್ಟನ್, ಅಂದರೆ ತೇಲುವ ಸಣ್ಣ ಜೀವಿಗಳು, ಇಲ್ಲದಿದ್ದರೆ ಮುಗೀತು. ಮುಂದಿನ ವರ್ಷಗಳ ಮೀನಿನ ಫಸಲು ಬಹುಪಾಲು ಈ ಎಳೆ ಹಂತದಲ್ಲೇ ನಿಶ್ಚಯವಾಗುತ್ತದೆ ಎಂದು ನಾರ್ವೆಯ ವಿಜ್ಞಾನಿ ಯೊಹಾನ್ ಯೋರ್ಟ್ 1914ರಲ್ಲೇ ವಾದಿಸಿದ್ದರು. ಲಕ್ಷಗಟ್ಟಲೆ ಸಾಯುವ ಕಡೆ ನಮ್ಮ ಒಂದು ಬಾಟ್ಲಿ ಲೆಕ್ಕಕ್ಕಿಲ್ಲ. ಇದನ್ನು ಅಲ್ಲೇ ಹೇಳಬಹುದಿತ್ತು. ಆದರೆ ಸಣ್ಣ ಮೀನು ಹಿಡಿಯಬೇಡಿ ಅಂತ ಅವರಿಗೆ ಹೇಳುವವರು ನಾವೇ ಅಲ್ವಾ? ಆ ಟ್ರೇ ಮುಂದೆ ನಿಂತು ಈ ವಾದ ಬಾಯಿಗೆ ಬರಲಿಲ್ಲ.

ಎರಡನೆಯ ಪ್ರಶ್ನೆಯೇ ಕಷ್ಟ. ಕೇರಳದಲ್ಲಿ 2012ರಲ್ಲಿ ಹತ್ತಿರ ಹತ್ತಿರ 4 ಲಕ್ಷ ಟನ್ ಬೈಗೆ ಸಿಕ್ಕಿತ್ತು. 2021ರಲ್ಲಿ ಅದು ಮೂರೂವರೆ ಸಾವಿರ ಟನ್ನೂ ಇರಲಿಲ್ಲ. ನಮ್ಮ ಕರಾವಳಿಯಲ್ಲೂ ಬೈಗೆ ಇಲ್ಲದೆ ಎಷ್ಟೋ ಮನೆಗಳು ಸೊರಗಿವೆ. ಅಂಥ ವರ್ಷ ಬರುವ ಮೊದಲು ಕಡಲಲ್ಲಿ ಮರಿ ಎಷ್ಟಿತ್ತು ಅಂತ ತಿಳಿಯುವುದಕ್ಕೇ ಈ ಕೆಲಸ. ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ ಬೈಗೆಯ ನೆಂಟನಾದ ಸಾರ್ಡೀನ್ ಹೀಗೇ ಮಾಯವಾದಾಗ ಅಲ್ಲಿನವರು ಕ್ಯಾಲ್‌ಕೋಫಿ ಅನ್ನುವ ಸಮೀಕ್ಷೆ ಶುರು ಮಾಡಿದರು. 1949ರಿಂದ ಮೊಟ್ಟೆ, ಮರಿ ಎಣಿಸುತ್ತಲೇ ಇದ್ದಾರೆ. ಆ ಲೆಕ್ಕ ಯಾರು ಬೇಕಾದರೂ ನೋಡಬಹುದು. ನಾನೂ ಇಲ್ಲಿ ಕೂತು ನೋಡಿದ್ದೇನೆ. ಗಂಗೊಳ್ಳಿಯ ಲೆಕ್ಕವನ್ನು ಗಂಗೊಳ್ಳಿಯವರು ಎಲ್ಲಿ ನೋಡಬೇಕು?

ಈ ಮಾತನ್ನು ನಮ್ಮ ಸಾರ್ ಹತ್ತಿರ ಎತ್ತಿದೆ. "ಅವರಿಗೆ ಅರ್ಥ ಆಗಲ್ಲಮ್ಮ, ಮೊದಲು ಜರ್ನಲ್‌ನಲ್ಲಿ ಪೇಪರ್ ಬರಲಿ" ಅಂದರು. ಸಾರ್ ದೊಡ್ಡ ವಿದ್ವಾಂಸರು. ಬೆನ್ನೆಲುಬಿನ ಎರಡೂ ಕಡೆಯ ಸ್ನಾಯುಪಟ್ಟಿಗಳನ್ನು ಎಣಿಸಿ ಇದು ಯಾವ ಮೀನಿನ ಮರಿ ಅಂತ ನಿಮಿಷದಲ್ಲಿ ಹೇಳಬಲ್ಲರು. ಆದರೆ ತಾಂಡೇಲರ ಜೊತೆ ಕೂತು ಒಂದು ಚಾ ಕುಡಿದವರಲ್ಲ. ಅಳಿವೆಯ ಹೊರಗೆ ನೀರಿನ ಬಣ್ಣ ಯಾವಾಗ ಬದಲಾಗುತ್ತದೆ, ಯಾವ ಗಾಳಿಗೆ ಬೈಗೆ ದಡಕ್ಕೆ ಬರುತ್ತದೆ, ಇದೆಲ್ಲ ಅರ್ಥ ಮಾಡಿಕೊಂಡ ಮನುಷ್ಯನಿಗೆ ಒಂದು ಸಂಖ್ಯೆ ಅರ್ಥವಾಗುವುದಿಲ್ಲವಂತೆ!

ಲ್ಯಾಬಿನಲ್ಲಿ ಆ ಬಾಟ್ಲಿ ನೋಡುವಾಗ ನಂಗು ಅನ್ನುವ ಚಪ್ಪಟೆ ಮೀನಿನ ಒಂದು ಮರಿ ಸಿಕ್ಕಿತು. ನಂಗಿನ ಎರಡೂ ಕಣ್ಣು ಒಂದೇ ಬದಿಗೆ ಇರುವುದು ತಿಂದವರಿಗೆಲ್ಲ ಗೊತ್ತು. ಮರಿಯಾಗಿ ಹುಟ್ಟಿದಾಗ ಹಾಗಿರುವುದಿಲ್ಲ, ಎಲ್ಲ ಮೀನಿನಂತೆ ಬದಿಗೊಂದು ಕಣ್ಣು. ಬೆಳೆಯುತ್ತಾ ಬಲಗಣ್ಣು ತಲೆ ಮೇಲೆ ಹತ್ತಿ ಎಡಕ್ಕೆ ಬಂದು ಕೂರುತ್ತದೆ. ಈ ಮರಿಯ ಕಣ್ಣು ಸರಿಯಾಗಿ ನೆತ್ತಿಯ ಅಂಚಿನಲ್ಲಿತ್ತು. ಅರ್ಧ ದಾರಿ. ಫೋಟೋ ತೆಗೆದು ತಾಂಡೇಲರಿಗೆ ವಾಟ್ಸಾಪ್ ಮಾಡಿದೆ.

"ಚಂದ ಇತ್ತ್. ಬೈಗೆ ಎಷ್ಟ್ ಇತ್ತ್?" ಅಂತ ಬಂತು.

ಬೈಗೆ ಕುಲದ್ದು ಅಂತ ಖಾತ್ರಿಯಾದ ಮರಿಗಳು ಒಂಬತ್ತು. ಹಾಗೇ ಬರೆದು ಕಳಿಸಿದೆ. ಒಂದು ಬಲೆಯ ಲೆಕ್ಕದಿಂದ ಏನೂ ತೀರ್ಮಾನ ಮಾಡಲಾಗದು ಅಂತ ಕೆಳಗೆ ಸೇರಿಸಿದೆ.

"ನಮ್ಗೂ ಒಂದ್ ಬಲೆಗ್ ಗೊತ್ತಾತಿಲ್ಲೆ ಮೇಡಂ. ಮುಂದಿನ್ ತಿಂಗ್ಳ್ ಯಾವಾಗ ಬತ್ರಿ?"

ಬರುತ್ತೇನೆ ಅಂದಿದ್ದೇನೆ. ಹೋದ ಸಲದ ಡೀಸೆಲ್ ಬಿಲ್ಲು ಮಾತ್ರ ಇನ್ನೂ ಆಫೀಸಿನಲ್ಲಿ ಸಹಿಗೆ ಕಾಯುತ್ತಿದೆ. ಸಾರ್‌ಗೆ ಆ ಒಂಬತ್ತರ ವಿಷಯ ಹೇಳಿಲ್ಲ. ಹೇಳುವುದೂ ಇಲ್ಲ.