ಟೇಬಲ್ ಹೋದ ಮೇಲೂ ಸಾಲು ಉಳಿಯಬೇಕು

ನಮ್ಮದು ಸಿ ಪ್ಲಸ್ ಪ್ಲಸ್‌ನಲ್ಲಿ ಬರೆದ ಲೈಬ್ರರಿ, ಅಂದರೆ ಬೇರೆ ಪ್ರೋಗ್ರಾಂಗಳು ಕರೆದು ಬಳಸುವ ಕೋಡ್. ದೊಡ್ಡ ದೊಡ್ಡ ಡೇಟಾ ಫೈಲುಗಳನ್ನು ಬೇಗ ಓದಿ, ಟೇಬಲ್, ಸಾಲು, ಕಾಲಂ ಅಂತ ವಿಂಗಡಿಸಿ ಕೊಡುವುದು ಅದರ ಕೆಲಸ. ಮೊದಲಿನಿಂದಲೂ ಅದನ್ನು ಬಳಸಿದವರೆಲ್ಲ ಸಿ ಪ್ಲಸ್ ಪ್ಲಸ್‌ನವರೇ. ಹಾಗಾಗಿ ಅದರ ರೀತಿನೀತಿಯ ಬಗ್ಗೆ ಯಾರೂ ತಕರಾರು ಎತ್ತಿರಲಿಲ್ಲ.

ಆಮೇಲೆ ಡೇಟಾ ವಿಶ್ಲೇಷಣೆ ಮಾಡುವ ತಂಡದವರು ಬಂದು, ಇದು ನಮಗೆ ಪೈಥಾನ್‌ನಲ್ಲಿ ಬೇಕು ಅಂದರು. ಕೇಳಿದ್ದು ನ್ಯಾಯವಾಗಿಯೇ ಇತ್ತು. ಅವರು ನಮ್ಮ ಪ್ರೋಗ್ರಾಂ ಓಡಿಸಿ, ಬಂದದ್ದನ್ನು ಇನ್ನೊಂದು ಫೈಲಿಗೆ ಬರೆಸಿ, ಆ ಫೈಲನ್ನು ಪೈಥಾನ್‌ನಲ್ಲಿ ಮತ್ತೆ ಓದುತ್ತಿದ್ದರು. ಲೈಬ್ರರಿ ಉಳಿಸಿದ ಸಮಯವೆಲ್ಲ ಅಲ್ಲೇ ಕರಗಿ ಹೋಗುತ್ತಿತ್ತು. ಕೆಲಸ ನನ್ನ ಪಾಲಿಗೆ ಬಂತು.

ಇನ್ನೊಂದು ಭಾಷೆಯ ಬೆಂಬಲ ಅಂದರೆ ಲೈಬ್ರರಿಯನ್ನೇ ಆ ಭಾಷೆಯಲ್ಲಿ ಮತ್ತೆ ಬರೆಯುವುದು ಅಂತ ಕೆಲವರು ಅಂದುಕೊಳ್ಳುತ್ತಾರೆ. ಹಾಗಲ್ಲ. ಒಳಗಿನ ಕೋಡ್ ಇದ್ದ ಹಾಗೇ ಇರುತ್ತದೆ. ಅದರ ಮೇಲೆ ತೆಳ್ಳಗೆ ಒಂದು ಪದರ ಬರುತ್ತದೆ, ಅದನ್ನೇ ಬೈಂಡಿಂಗ್ ಅನ್ನುತ್ತೇವೆ. ಪೈಥಾನ್ ಕಡೆಯಿಂದ ಬಂದ ಕರೆಯನ್ನು ಸಿ ಪ್ಲಸ್ ಪ್ಲಸ್‌ಗೆ ದಾಟಿಸಿ, ಅಲ್ಲಿಂದ ಬಂದ ಉತ್ತರವನ್ನು ಪೈಥಾನ್ ವಸ್ತುವಾಗಿ ಮಾಡಿ ಕೊಡುವ ಪದರ.

ಈ ಪದರ ಯಾಕೆ ಬೇಕು, ನೇರವಾಗಿಯೇ ಕರೆಯಬಹುದಲ್ವಾ ಅಂತ ನಮ್ಮ ತಂಡಕ್ಕೆ ಹೊಸದಾಗಿ ಸೇರಿದ ಹುಡುಗ ಕೇಳಿದ. ಒಳ್ಳೆ ಪ್ರಶ್ನೆ. ಸಿ ಪ್ಲಸ್ ಪ್ಲಸ್‌ನಲ್ಲಿ ಒಂದೇ ಹೆಸರಿನ ಫಂಕ್ಷನ್‌ಗಳು ಹಲವು ಇರಬಹುದು. ಅವು ಒಂದಕ್ಕೊಂದು ಬೆರೆಯದಿರಲಿ ಅಂತ ಕಂಪೈಲರ್ (ನಾವು ಬರೆದ ಕೋಡನ್ನು ಯಂತ್ರಕ್ಕೆ ತಿಳಿಯುವಂತೆ ಬದಲಿಸುವ ಪ್ರೋಗ್ರಾಂ) ಹೆಸರಿನ ಹಿಂದೆ ಮುಂದೆ ಗುರುತು ಅಂಟಿಸುತ್ತದೆ. ಎರಡು ಇಂಟ್, ಅಂದರೆ ಪೂರ್ಣಾಂಕ, ತೆಗೆದುಕೊಳ್ಳುವ 'ಆ್ಯಡ್' ಅನ್ನುವ ಫಂಕ್ಷನ್ ಲಿನಕ್ಸ್‌ನಲ್ಲಿ ಜಿಸಿಸಿ ಅನ್ನುವ ಕಂಪೈಲರ್ ಕೈಗೆ ಸಿಕ್ಕರೆ 'ಅಂಡರ್‌ಸ್ಕೋರ್ ಝಡ್ 3 ಆ್ಯಡ್ ಐ ಐ' ಆಗಿ ಹೊರಬರುತ್ತದೆ. ಆ 3 ಹೆಸರಿನ ಅಕ್ಷರಗಳ ಎಣಿಕೆ. ಕೊನೆಯ ಎರಡು ಐಗಳು ಎರಡು ಇಂಟ್‌ಗಳು. ಮೈಕ್ರೋಸಾಫ್ಟ್‌ನ ಕಂಪೈಲರ್ ಇದೇ ಫಂಕ್ಷನ್‌ಗೆ ಬೇರೆಯದೇ ಹೆಸರು ಕೊಡುತ್ತದೆ. ಸಿ ಭಾಷೆಯಲ್ಲಿ ಈ ರಗಳೆ ಇಲ್ಲ. ಅದಕ್ಕೇ ಬೇರೆ ಬೇರೆ ಭಾಷೆಗಳು ಒಂದನ್ನೊಂದು ಮಾತಾಡಿಸುವಾಗ ಸಾಮಾನ್ಯವಾಗಿ ನಡುವೆ ಸಿ ನಿಂತಿರುತ್ತದೆ. ಪೈಥಾನ್‌ನ ಮುಖ್ಯ ಇಂಟರ್ಪ್ರಿಟರ್ ಕೂಡ ಸಿಯಲ್ಲೇ ಬರೆದದ್ದು.

ಯಾವ ಸಾಧನ ಹಿಡಿಯುವುದು ಅನ್ನೋದರ ಬಗ್ಗೆ ಸ್ವಲ್ಪ ಚರ್ಚೆ ಆಯಿತು. 1996ರಿಂದಲೂ ಇರುವ ಸ್ವಿಗ್ ಅನ್ನುವ ಸಾಧನ ನಮ್ಮ ಹೆಡರ್ ಫೈಲುಗಳನ್ನು (ಲೈಬ್ರರಿಯಲ್ಲಿ ಏನೇನಿದೆ ಅನ್ನುವ ಪಟ್ಟಿ) ಓದಿ ಬೈಂಡಿಂಗ್ ಕೋಡನ್ನು ತಾನೇ ಹುಟ್ಟಿಸುತ್ತದೆ. ಒಂದೇ ಸಲಕ್ಕೆ ಹತ್ತಾರು ಭಾಷೆಗಳಿಗೆ ಆಗುತ್ತದೆ ಅನ್ನೋದು ಅದರ ಆಕರ್ಷಣೆ. ನನಗೆ ಅದು ಹಿಡಿಸಲಿಲ್ಲ. ಹಾಗೆ ತಾನಾಗಿ ಹುಟ್ಟಿದ ಮಾಡ್ಯೂಲ್‌ಗಳನ್ನು ನಾನೇ ಬೇರೆ ಕಡೆ ಬಳಸಿ ಬೇಸತ್ತಿದ್ದೇನೆ. ಹೆಸರಿಗೆ ಪೈಥಾನ್, ನಡೆ ನುಡಿಯೆಲ್ಲ ಸಿ ಪ್ಲಸ್ ಪ್ಲಸ್. ಪೈಥಾನ್ 2.5ರಿಂದ ಜೊತೆಗೇ ಬರುವ ಸಿಟೈಪ್ಸ್ ಇದೆ, ಆದರೆ ಅದಕ್ಕೆ ಬೇಕಾದದ್ದು ಅಪ್ಪಟ ಸಿ ಫಂಕ್ಷನ್‌ಗಳು. ನಮ್ಮ ಹತ್ತಿರ ಇದ್ದದ್ದೆಲ್ಲ ಕ್ಲಾಸುಗಳು, ಅಂದರೆ ಡೇಟಾವನ್ನೂ ಅದರ ಮೇಲೆ ಕೆಲಸ ಮಾಡುವ ಫಂಕ್ಷನ್‌ಗಳನ್ನೂ (ಅವೇ ಮೆಥಡ್‌ಗಳು) ಒಟ್ಟಿಗೆ ಕಟ್ಟಿದವು. ಕೊನೆಗೆ ಪೈಬೈಂಡ್11 ಅನ್ನುವ ಸಾಧನವೇ ಇರಲಿ ಅಂತ ತೀರ್ಮಾನ ಆಯಿತು. ಅದರಲ್ಲಿ ಯಾವ ಕ್ಲಾಸು, ಯಾವ ಮೆಥಡ್, ಯಾವ ಹೆಸರಲ್ಲಿ ಹೊರಗೆ ಕಾಣಬೇಕು ಅನ್ನುವುದನ್ನು ನಾವೇ ಒಂದೊಂದಾಗಿ ಬರೆಯಬೇಕು. ನಿಧಾನ ಹೌದು. ಆದರೆ ಒಂದೊಂದು ಸಾಲು ಬರೆಯುವಾಗಲೂ ಇದು ಪೈಥಾನ್‌ನವರಿಗೆ ಬೇಕಾ ಅಂತ ಯೋಚಿಸಲೇಬೇಕಾಗುತ್ತದೆ. ನನಗೆ ಬೇಕಾಗಿದ್ದೂ ಅದೇ.

ಮೊದಲ ಬಿಲ್ಡ್ ಓಡಿತು. ಇಂಪೋರ್ಟ್ ಆಯಿತು, ಫೈಲ್ ತೆರೆಯಿತು, ಸಾಲುಗಳ ಎಣಿಕೆ ಸರಿಯಾಗಿ ಬಂತು. ಅದನ್ನು ಇಟ್ಟುಕೊಂಡು ಡೇಟಾ ತಂಡದ ಒಬ್ಬರನ್ನು ಕರೆದೆ. ಪೈಥಾನ್ ಬಿಟ್ಟು ಬೇರೆ ಏನನ್ನೂ ಬರೆಯದವರು. ನಾನು ಏನೂ ಹೇಳಿಕೊಡುವುದಿಲ್ಲ, ನಿಮಗೆ ತೋಚಿದ ಹಾಗೆ ಬರೆಯಿರಿ ಅಂದು ಪಕ್ಕದಲ್ಲಿ ಕೂತೆ. ಈ ಬರಹ ನಿಜವಾಗಿ ಆ ದಿನದ ಬಗ್ಗೆ.

ಅವರು ಟೇಬಲ್ ತೆರೆದ ಕೂಡಲೇ ಬರೆದದ್ದು ಒಂದು ಫಾರ್ ಲೂಪ್. ಟೇಬಲ್‌ನ ಒಂದೊಂದು ಸಾಲನ್ನೂ ಪ್ರಿಂಟ್ ಮಾಡು, ಅಷ್ಟೇ. ಸಾಲುಗಳು ಬಂದವು. ಫೈಲಿನ ಕೊನೆಯ ಸಾಲೂ ಬಂತು. ಅದಾದ ಮೇಲೆ ಖಾಲಿ ಸಾಲು. ಮತ್ತೊಂದು ಖಾಲಿ ಸಾಲು. ಪರದೆ ಮೇಲಕ್ಕೆ ಓಡುತ್ತಲೇ ಇತ್ತು.

"ನಿಮ್ಮ ಫೈಲಿಗೆ ಕೊನೆ ಅನ್ನೋದೇ ಇಲ್ವಾ?" ಅಂದರು.

ಆದದ್ದು ಇಷ್ಟು. ಟೇಬಲ್‌ಗೆ ಚೌಕ ಆವರಣ ಹಾಕಿ ಸಾಲು ಕೇಳುವ ಸೌಲಭ್ಯ ಬೈಂಡಿಂಗ್‌ನಲ್ಲಿತ್ತು, ಒಂದಾದ ಮೇಲೊಂದು ಸಾಲು ಕೊಟ್ಟು ಕೊನೆಗೆ ಮುಗಿಯಿತು ಅಂತ ಹೇಳುವ ಇಟರೇಟರ್ ಇನ್ನೂ ಇರಲಿಲ್ಲ. ಹೀಗಿದ್ದಾಗ ಪೈಥಾನ್ ತನ್ನ ಹಳೆಯ ಪದ್ಧತಿಗೆ ಹೋಗುತ್ತದೆ. 0ನೇದು ಕೊಡು, 1ನೇದು ಕೊಡು, 2ನೇದು ಕೊಡು ಅಂತ ಕೇಳುತ್ತಾ ಹೋಗುತ್ತದೆ. ಇಂಡೆಕ್ಸ್ ಎರರ್ ಬಂದರೆ ಮುಗಿಯಿತು ಅಂತ ಅರ್ಥ ಮಾಡಿಕೊಳ್ಳುತ್ತದೆ. ನಮ್ಮ ಲೈಬ್ರರಿಯೋ ಎರರ್ ಎಸೆಯುವುದೇ ಇಲ್ಲ. ಇಲ್ಲದ ಸಾಲು ಕೇಳಿದರೆ ಒಂದು ಖಾಲಿ ಸಾಲು ಕೊಟ್ಟು ಸುಮ್ಮನಾಗುತ್ತದೆ. ಅದು ಬೇಕೆಂದೇ ಮಾಡಿದ್ದು. ಸಿ ಪ್ಲಸ್ ಪ್ಲಸ್ ಬಳಸುವ ಎಷ್ಟೋ ತಂಡಗಳು ಎಕ್ಸೆಪ್ಷನ್‌ಗಳನ್ನು, ಅಂದರೆ ಎರರ್ ಎಸೆಯುವ ವ್ಯವಸ್ಥೆಯನ್ನು, ಪೂರ್ತಿ ಆಫ್ ಮಾಡಿಯೇ ಕಂಪೈಲ್ ಮಾಡುತ್ತವೆ. ಅವರಿಗೆ ಖಾಲಿ ಸಾಲು ಅನುಕೂಲ. ಖಾಲಿ ಬಂತಾ ಅಂತ ನೋಡಿಕೊಂಡು ಮುಂದೆ ಹೋಗುತ್ತಾರೆ. ಒಂದು ಕಡೆ ಸೌಜನ್ಯ ಅನ್ನಿಸಿಕೊಂಡದ್ದು ಇನ್ನೊಂದು ಕಡೆ ಮುಗಿಯದ ಲೂಪ್ ಆಯಿತು.

ಸರಿಪಡಿಸುವುದು ಸುಲಭ. ಪೈಥಾನ್ ಪದರದಲ್ಲಿ ಎಲ್ಲೆ ನೋಡಿ, ಮೀರಿದರೆ ಸಿ ಪ್ಲಸ್ ಪ್ಲಸ್‌ನ 'ಔಟ್ ಆಫ್ ರೇಂಜ್' ಎಸೆದರೆ ಸಾಕು. ಪೈಬೈಂಡ್ ಅದನ್ನು ತಾನಾಗಿ ಇಂಡೆಕ್ಸ್ ಎರರ್ ಮಾಡಿ ಕೊಡುತ್ತದೆ. 'ಇನ್‌ವ್ಯಾಲಿಡ್ ಆರ್ಗ್ಯುಮೆಂಟ್' ವ್ಯಾಲ್ಯೂ ಎರರ್ ಆಗುತ್ತದೆ. ಇಟರೇಟರ್ ಕೂಡ ಅಲ್ಲೇ ಕೂತು ಸೇರಿಸಿದೆ. ಅಷ್ಟರಲ್ಲಿ ಅವರು ಚೌಕ ಆವರಣದಲ್ಲಿ ಮೈನಸ್ 1 ಹಾಕಿ ಕೊನೆಯ ಸಾಲು ಕೇಳಿದ್ದರು. ಪೈಥಾನ್‌ನಲ್ಲಿ ಅದು ದಿನನಿತ್ಯದ ಮಾತು. ನಮ್ಮ ಕಡೆ ಸಾಲಿನ ಸಂಖ್ಯೆ ಋಣವಾಗಲು ಸಾಧ್ಯವೇ ಇಲ್ಲದ ಟೈಪ್. ಹಾಗಾಗಿ ಉದ್ದನೆಯ ಟೈಪ್ ಎರರ್ ಬಂತು. ಅದನ್ನು ಅವರು ಎರಡು ಸಲ ಓದಿ, ಏನೂ ಅರ್ಥವಾಗದೆ ನನ್ನ ಮುಖ ನೋಡಿದರು. ಅದೂ ಸೇರಿತು.

ಇವೆಲ್ಲ ಸಣ್ಣವು. ದೊಡ್ಡದು ಆಮೇಲೆ ಬಂತು.

ಅವರು ಒಂದು ಚಿಕ್ಕ ಫಂಕ್ಷನ್ ಬರೆದರು. ಫೈಲ್ ತೆರೆ, ಮೊದಲ ಸಾಲನ್ನು ವಾಪಸ್ ಕೊಡು. ತಲೆಬರಹ ಏನಿದೆ ನೋಡೋಣ ಅಂತ. ಎರಡೇ ಸಾಲಿನ ಕೋಡು, ಯಾರೂ ಬರೆಯುವಂಥದ್ದು. ಓಡಿಸಿದರೆ ಕಾಲಂ ಹೆಸರುಗಳ ಜಾಗದಲ್ಲಿ ಏನೇನೋ ಚಿಹ್ನೆ. ಇನ್ನೊಮ್ಮೆ ಓಡಿಸಿದರೆ ಸರಿಯಾಗಿಯೇ ಬಂತು! ಮತ್ತೊಮ್ಮೆ ಓಡಿಸಿದಾಗ ಇಡೀ ಪೈಥಾನ್ ಸೆಗ್ಮೆಂಟೇಶನ್ ಫಾಲ್ಟ್ (ಮುಟ್ಟಬಾರದ ಮೆಮೊರಿ ಮುಟ್ಟಿದ ತಪ್ಪು) ಅಂದು ಬಿದ್ದುಹೋಯಿತು. ಪೈಥಾನ್‌ನವರು ಇಂಥದ್ದನ್ನು ನೋಡಿಯೇ ಇರುವುದಿಲ್ಲ. ಅವರ ತಪ್ಪಿಗೆ ಒಂದು ಎರರ್ ಬರುತ್ತದೆ, ಯಾವ ಸಾಲಿನಲ್ಲಿ ಅಂತ ತೋರಿಸುತ್ತದೆ. ಇಲ್ಲಿ ಏನೂ ಇಲ್ಲ, ಕಿಟಕಿಯೇ ಮುಚ್ಚಿಹೋಯಿತು.

ನಮ್ಮ ಲೈಬ್ರರಿ ವೇಗವಾಗಿರುವುದಕ್ಕೆ ಕಾರಣವೇ ಅದು ಏನನ್ನೂ ನಕಲು ಮಾಡುವುದಿಲ್ಲ ಅನ್ನೋದು. ಇಡೀ ಫೈಲ್ ಟೇಬಲ್‌ನ ಮೆಮೊರಿಯಲ್ಲಿರುತ್ತದೆ. 'ಸಾಲು' ಅಂದರೆ ಆ ಮೆಮೊರಿಯ ಇಂಥ ಜಾಗ ಅಂತ ಬೊಟ್ಟು ಮಾಡುವ ಪಾಯಿಂಟರ್ ಅಷ್ಟೇ. ಪೈಥಾನ್ ಒಂದೊಂದು ವಸ್ತುವನ್ನೂ ಎಷ್ಟು ಜನ ಹಿಡಿದಿದ್ದಾರೆ ಅಂತ ಎಣಿಸುತ್ತಿರುತ್ತದೆ. ಎಣಿಕೆ ಸೊನ್ನೆಗೆ ಬಂದ ಕ್ಷಣವೇ ವಸ್ತುವನ್ನು ಅಳಿಸುತ್ತದೆ. ಅವರ ಫಂಕ್ಷನ್ ಮುಗಿದಾಗ ಟೇಬಲ್ ಯಾರ ಕೈಯಲ್ಲೂ ಇರಲಿಲ್ಲ, ಹೋಯಿತು. ಸಾಲು ಮಾತ್ರ ಉಳಿಯಿತು. ಮನೆ ಕೆಡವಿದ ಮೇಲೂ ವಿಳಾಸದ ಚೀಟಿ ಕೈಯಲ್ಲಿದ್ದ ಹಾಗೆ. ಆ ಮೆಮೊರಿಯಲ್ಲಿ ಹಳೆಯದು ಇನ್ನೂ ಅಳಿಯದೆ ಇದ್ದರೆ ಸರಿಯಾಗಿ ಕಾಣುತ್ತದೆ, ಬೇರೆಯವರು ಬಂದು ಸೇರಿದ್ದರೆ ಕಸ ಕಾಣುತ್ತದೆ.

ನಮ್ಮ ಡಾಕ್ಯುಮೆಂಟೇಶನ್‌ನಲ್ಲಿ ಇದು ಇತ್ತು: ಟೇಬಲ್ ಇರುವವರೆಗೆ ಮಾತ್ರ ಸಾಲು ಬಳಸಬಹುದು. ಸಿ ಪ್ಲಸ್ ಪ್ಲಸ್‌ನವರಿಗೆ ಅಷ್ಟು ಸಾಕು. ಇದು ಯಾರದ್ದು, ಎಲ್ಲಿಯವರೆಗೆ ಇರುತ್ತದೆ ಅಂತ ಯೋಚಿಸುವುದು ಅವರಿಗೆ ರೂಢಿ. ಅದನ್ನೇ ಇವರಿಗೆ ಹೇಳಿದೆ. ಅವರು ಕೇಳಿದ್ದು ಒಂದೇ ಮಾತು.

"ಸಾಲು ನನ್ನ ಕೈಯಲ್ಲೇ ಇದೆಯಲ್ಲ, ಟೇಬಲ್ ಇದ್ದರೆ ನನಗೇನು, ಹೋದರೆ ನನಗೇನು?"

ಅದಕ್ಕೆ ನನ್ನ ಹತ್ತಿರ ಉತ್ತರ ಇರಲಿಲ್ಲ, ಯಾಕೆಂದರೆ ಪೈಥಾನ್ ಕಡೆಯಿಂದ ನೋಡಿದರೆ ಅವರು ಹೇಳಿದ್ದೇ ಸರಿ. ಆ ಭಾಷೆ ಬಳಸುವವರಿಗೆ ಕೊಟ್ಟಿರುವ ಮುಖ್ಯ ಭರವಸೆಯೇ ಅದು. ಕೈಯಲ್ಲಿ ಹಿಡಿದದ್ದು ಕೈಯಲ್ಲಿರುವ ತನಕ ಇರುತ್ತದೆ. ಆ ಭಾಷೆಯ ಬೆಂಬಲ ಕೊಟ್ಟಿದ್ದೇವೆ ಅಂತ ಹೇಳಿಕೊಂಡರೆ ಆ ಭರವಸೆಯನ್ನೂ ನಾವೇ ಹೊರಬೇಕು. ಡಾಕ್ಯುಮೆಂಟೇಶನ್‌ನಲ್ಲಿ ಬರೆದು ಕೈ ತೊಳೆದುಕೊಂಡರೆ ಆಗುವುದಿಲ್ಲ.

ಎರಡು ದಾರಿ ಇದ್ದವು. ಸಾಲು ಕೊಡುವಾಗ ಅದರ ನಕಲು ಮಾಡಿ ಕೊಡುವುದು ಒಂದು. ಯಾವ ಅಪಾಯವೂ ಇಲ್ಲ, ಆದರೆ ಕೋಟಿ ಸಾಲಿನ ಟೇಬಲ್ ಮೇಲೆ ಲೂಪ್ ಓಡಿಸಿದರೆ ಕೋಟಿ ನಕಲು. ಇನ್ನೊಂದು, ಸಾಲು ಇರುವ ತನಕ ಟೇಬಲ್ ಅಳಿಯದ ಹಾಗೆ ಅವೆರಡನ್ನೂ ಕಟ್ಟುವುದು. ಪೈಬೈಂಡ್‌ನಲ್ಲಿ ಇದಕ್ಕೆ 'ಕೀಪ್ ಅಲೈವ್' ಇದೆ, ಅದಕ್ಕೆ 0, 1 ಅಂತ ಎರಡು ಸಂಖ್ಯೆ ಕೊಟ್ಟರಾಯಿತು. 0 ಅಂದರೆ ವಾಪಸ್ ಹೋಗುವ ವಸ್ತು, 1 ಅಂದರೆ ಯಾವ ವಸ್ತುವಿನ ಮೆಥಡ್ ಕರೆದೆವೋ ಅದು. 0 ಇರುವವರೆಗೆ 1 ಇರಲಿ. ಬೈಂಡಿಂಗ್‌ನಲ್ಲಿ ಬದಲಾದದ್ದು ಒಂದೇ ಸಾಲು.

ನಾನು ಇದನ್ನೇ ಆರಿಸಿದೆ. ಆದರೆ ಇದಕ್ಕೂ ಒಂದು ಬೆಲೆ ಇದೆ. ಒಂದು ಪುಟಾಣಿ ಸಾಲನ್ನು ಯಾರಾದರೂ ಲಿಸ್ಟ್‌ನಲ್ಲಿ ಹಾಕಿಟ್ಟು ಮರೆತರೆ, ಆ ಒಂದು ಸಾಲಿಗಾಗಿ ಇಡೀ ಫೈಲ್ ಮೆಮೊರಿಯಲ್ಲೇ ಕೂತಿರುತ್ತದೆ. ಮೆಮೊರಿ ಯಾಕೆ ಇಳಿಯುತ್ತಿಲ್ಲ ಅಂತ ತಲೆ ಕೆರೆದುಕೊಳ್ಳಬೇಕಾಗುತ್ತದೆ. ಅದಕ್ಕೆ ಸಾಲಿಗೆ 'ಕಾಪಿ' ಅಂತ ಒಂದು ಮೆಥಡ್ ಸೇರಿಸಿ, ಜಾಸ್ತಿ ಹೊತ್ತು ಇಟ್ಟುಕೊಳ್ಳುವುದಾದರೆ ಇದನ್ನು ಕರೆಯಿರಿ ಅಂತ ಬರೆದೆವು. ಇದನ್ನು ಓದದಿದ್ದರೂ ಮೆಮೊರಿ ಹೆಚ್ಚು ಖರ್ಚಾಗುತ್ತದೆ ಅಷ್ಟೇ, ಪ್ರೋಗ್ರಾಂ ಸಾಯುವುದಿಲ್ಲ. ಹಳೆಯ ಎಚ್ಚರಿಕೆಗೂ ಇದಕ್ಕೂ ಅಷ್ಟು ವ್ಯತ್ಯಾಸ ಇದೆ.

ಮಧ್ಯಾಹ್ನದ ಮೇಲೆ ಅಕ್ಷರಗಳ ಸರದಿ. ಫೈಲಿನಲ್ಲಿ ದೋಷ ಇದ್ದರೆ ಎಷ್ಟನೇ ಜಾಗದಲ್ಲಿ ಅಂತ ನಮ್ಮ ಲೈಬ್ರರಿ ಹೇಳುತ್ತದೆ. ಅದು ಎಣಿಸುವುದು ಬೈಟ್‌ಗಳನ್ನು. ಪೈಥಾನ್ ಎಣಿಸುವುದು ಯೂನಿಕೋಡ್ ಸಂಕೇತಗಳನ್ನು. ಇಂಗ್ಲಿಷ್ ಅಕ್ಷರಗಳಷ್ಟೇ ಇದ್ದರೆ ಎರಡೂ ಒಂದೇ, ವ್ಯತ್ಯಾಸ ಗೊತ್ತೇ ಆಗುವುದಿಲ್ಲ. 'ಕನ್ನಡ' ಅನ್ನುವ ಪದ ಹಾಕಿ ನೋಡಿದೆವು. ಕಣ್ಣಿಗೆ ಮೂರು ಅಕ್ಷರ. ಒತ್ತಿಗಾಗಿ ನಡುವೆ ಇರುವ ವಿರಾಮವೂ ಸೇರಿ ಪೈಥಾನ್‌ಗೆ ಅದು 5. ಅಕ್ಷರಗಳನ್ನು ಬೈಟ್‌ಗಳಾಗಿ ಬರೆಯುವ ಯುಟಿಎಫ್-8 ಪದ್ಧತಿಯಲ್ಲಿ ಕನ್ನಡದ ಒಂದೊಂದು ಸಂಕೇತಕ್ಕೂ 3 ಬೈಟ್ ಆಗುವುದರಿಂದ ನಮ್ಮ ಲೈಬ್ರರಿಗೆ 15. ಆ ಪದದ ಪಕ್ಕದಲ್ಲೇ ದೋಷ ಇದ್ದರೂ ಪೈಥಾನ್‌ನವರು ನಾವು ಹೇಳಿದ ಜಾಗಕ್ಕೆ ಹೋದರೆ ಎಷ್ಟೋ ಮುಂದೆ ಹೋಗಿ ನಿಲ್ಲುತ್ತಾರೆ. ಪೈಥಾನ್ ಪದರದಲ್ಲಿ ಲೆಕ್ಕ ಬದಲಿಸಿ ಕೊಡುವುದು ಅಂತ ಮಾಡಿದೆವು. ಎರರ್ ಬಂದಾಗ ಮಾತ್ರ ಈ ಲೆಕ್ಕ ನಡೆಯುವುದರಿಂದ ವೇಗಕ್ಕೆ ಪೆಟ್ಟಿಲ್ಲ.

ಇನ್ನುಳಿದವು ಒಂದೊಂದಾಗಿ ಮುಗಿದವು. ದೊಡ್ಡ ಫೈಲ್ ಓದುವಾಗ ಪೈಥಾನ್‌ನ ಜಿಐಎಲ್ ಅನ್ನುವ ಬೀಗವನ್ನು ಬಿಟ್ಟುಕೊಡಬೇಕು, ಇಲ್ಲದಿದ್ದರೆ ಉಳಿದ ಥ್ರೆಡ್‌ಗಳೆಲ್ಲ (ಅದೇ ಪ್ರೋಗ್ರಾಂನಲ್ಲಿ ಜೊತೆಜೊತೆಗೆ ನಡೆಯುವ ಕೆಲಸಗಳು) ಕಾಯುತ್ತಾ ನಿಲ್ಲುತ್ತವೆ. ಮೆಥಡ್‌ಗಳ ಹೆಸರುಗಳನ್ನು ಪೈಥಾನ್‌ನವರ ಪೆಪ್ 8 ಪದ್ಧತಿಗೆ ತಕ್ಕಂತೆ ಅಂಡರ್‌ಸ್ಕೋರ್ ಹಾಕಿ ಬದಲಿಸಿದೆವು. ಸಾಲುಗಳ ಎಣಿಕೆಗೆ ಹೆಸರೇ ಬೇಕಿರಲಿಲ್ಲ, ಪೈಥಾನ್‌ನ 'ಲೆನ್' ಸಾಕಾಯಿತು. ವೀಲ್, ಅಂದರೆ ಪೈಥಾನ್‌ನವರು ನೇರವಾಗಿ ಇನ್‌ಸ್ಟಾಲ್ ಮಾಡಿಕೊಳ್ಳುವ ಪ್ಯಾಕೇಜ್, ಕಟ್ಟುವುದು ಬೇಜಾರಿನ ಕೆಲಸ. ವಿಂಡೋಸ್, ಮ್ಯಾಕ್, ಲಿನಕ್ಸ್ ಮೂರಕ್ಕೂ, ಅದರಲ್ಲೂ ಪೈಥಾನ್‌ನ ಒಂದೊಂದು ಆವೃತ್ತಿಗೂ ಬೇರೆ ಬೇರೆ. ಮಷಿನ್‌ಗೆ ಒಪ್ಪಿಸಿ ಬಿಟ್ಟೆವು.

ನಮ್ಮ ಸಿ ಪ್ಲಸ್ ಪ್ಲಸ್ ಗೆಳೆಯರೊಬ್ಬರು ಇದನ್ನೆಲ್ಲ ಕೇಳಿ, ಹಾಗಾದರೆ ಒಳಗಿನ ಲೈಬ್ರರಿಯೇ ಎರರ್ ಎಸೆಯುವ ಹಾಗೆ ಬದಲಿಸಿಬಿಡೋಣ್ವಾ ಅಂದರು. ಬೇಡ ಅಂದೆ. ಖಾಲಿ ಸಾಲನ್ನು ನಂಬಿ ಕೋಡ್ ಬರೆದವರಿದ್ದಾರೆ. ಪೈಥಾನ್‌ನವರ ನಿರೀಕ್ಷೆಯನ್ನು ಅವರ ಮೇಲೆ ಹೇರುವುದು ಕೂಡ ಅಷ್ಟೇ ತಪ್ಪು. ಹೊಂದಿಸುವ ಕೆಲಸ ನಡುವಿನ ಪದರದ್ದು, ಅದು ಅಲ್ಲೇ ಇರಲಿ. ಈ ವಿಷಯದಲ್ಲಿ ನಮ್ಮಿಬ್ಬರಿಗೂ ಈಗಲೂ ಒಮ್ಮತ ಇಲ್ಲ.

ಈಗ ಜಾವಾ ಕೇಳಿದ್ದಾರೆ. ಹಿಂದೆಲ್ಲ ಜಾವಾವನ್ನು ಸಿ, ಸಿ ಪ್ಲಸ್ ಪ್ಲಸ್‌ಗೆ ಜೋಡಿಸುವ ಜೆಎನ್ಐ ಹಿಡಿದು ಒದ್ದಾಡಬೇಕಿತ್ತು. 2024ರಲ್ಲಿ ಬಂದ ಜಾವಾ 22ರಿಂದ ಸಿ ಫಂಕ್ಷನ್‌ಗಳನ್ನು ಜಾವಾದಿಂದಲೇ ಕರೆಯಲು ಹೊಸ ವ್ಯವಸ್ಥೆ ಪಕ್ಕಾ ಆಗಿದೆ. ಅದಕ್ಕಾಗಿ ಕ್ಲಾಸುಗಳ ಮೇಲೆ ತೆಳುವಾದ ಒಂದು ಸಿ ಪದರ ಬರೆಯಬೇಕು. ಪೈಥಾನ್‌ನಲ್ಲಿ ಟೇಬಲ್ ಬೇಗ ಅಳಿಯುವುದು ತೊಂದರೆಯಾಗಿತ್ತು. ಜಾವಾದಲ್ಲಿ ಅದು ತಿರುಗುಮುರುಗು. ಬಳಕೆಯಲ್ಲಿಲ್ಲದ ವಸ್ತುಗಳನ್ನು ಅಳಿಸುವ ಗಾರ್ಬೇಜ್ ಕಲೆಕ್ಟರ್ ಯಾವಾಗ ಬರುತ್ತದೋ ಹೇಳಲಾಗದು, ಅಲ್ಲಿಯವರೆಗೆ ಫೈಲ್ ತೆರೆದೇ ಇರಬಹುದು. ಈ ಸಲ ಬೈಂಡಿಂಗ್ ಬರೆಯುವ ಮೊದಲೇ ಜಾವಾದವರೊಬ್ಬರಿಗೆ, ಲೈಬ್ರರಿ ಇದೆ ಅಂತ ಅಂದುಕೊಂಡು ನಿಮಗೆ ಬೇಕಾದ ಪ್ರೋಗ್ರಾಂ ಬರೆದು ಕೊಡಿ ಅಂದೆವು. ಅವರು ಮೊದಲ ಸಾಲಿನಲ್ಲೇ ಟೇಬಲ್ ಅನ್ನು ಟ್ರೈ ಆವರಣದೊಳಗೆ ತೆರೆದಿದ್ದರು, ಬ್ಲಾಕ್ ಮುಗಿದಾಗ ತಾನಾಗಿ ಮುಚ್ಚಿಕೊಳ್ಳಲಿ ಅಂತ. ಹಾಗಾಗಿ ನಾವೂ 'ಕ್ಲೋಸ್' ಮೆಥಡ್‌ನಿಂದಲೇ ಶುರು ಮಾಡಿದ್ದೇವೆ. ಟೇಬಲ್ ಮುಚ್ಚಿದ ಮೇಲೆ ಯಾರಾದರೂ ಸಾಲು ಮುಟ್ಟಿದರೆ ಸ್ಪಷ್ಟವಾದ ಎಕ್ಸೆಪ್ಷನ್ ಬರುತ್ತದೆ. ಮೊದಲು ಬರೆದ ಟೆಸ್ಟ್ ಅದೇ.